ಹಾಡುವವರನ್ನು ಬಾವಿಯಿಂದ ಮೇಲೆತ್ತಿದ್ದು: ಕಂಪ್ಯೂಟರ್ ಸ್ಪೀಕರ್ ಹುಡುಕಾಟದ ದಿನಚರಿ

ಜೂನ್ 1, ಭಾನುವಾರ

ಹಳೆ 2.1 ಸೆಟ್ (ಎರಡು ಪುಟ್ಟ ಸ್ಪೀಕರ್, ಬೇಸ್‌ಗೆ ಒಂದು ಸಬ್‌ವೂಫರ್) ಇನ್ನು ಸಾಕು ಅಂತ ಇವತ್ತು ತೀರ್ಮಾನ ಮಾಡಿದೆ. ಬೆಳಿಗ್ಗೆ ಪಿ.ಬಿ. ಶ್ರೀನಿವಾಸ್ ಹಾಡಿದ ಹಳೆಯ ಹಾಡೊಂದು ಹಾಕಿಕೊಂಡಿದ್ದೆ. ಅಪ್ಪ ಕಾಫಿ ಲೋಟ ಹಿಡಿದು ಬಂದು ಪಕ್ಕದ ಕುರ್ಚಿಯಲ್ಲಿ ಕೂತರು. ಅರ್ಧ ಹಾಡು ಕೇಳಿ, "ಹಾಡೋರು ಬಾವಿಯೊಳಗೆ ಕೂತಂಗೈತೆ ಕಣೋ" ಅಂದರು. ಲೋಟ ತಗೊಂಡು ಎದ್ದು ಹೋದರು.

ಮತ್ತೆ ಅದೇ ಹಾಡು ಹಾಕಿ ಗಮನ ಇಟ್ಟು ಕೇಳಿದೆ. ಅಪ್ಪ ಹೇಳಿದ್ದು ನಿಜ. ಮೇಜಿನ ಕೆಳಗಿರುವ ಸಬ್‌ವೂಫರ್ ಧಂ ಧಂ ಅನ್ನುತ್ತದೆ. ಮೇಲಿನ ಎರಡು ಪುಟ್ಟ ಡಬ್ಬಿಗಳಿಂದ ತಾಳ, ಗೆಜ್ಜೆ, ಪಿಟೀಲಿನ ಮೇಲಿನ ಸ್ವರ ಎಲ್ಲ ಬರುತ್ತದೆ. ಇವೆರಡರ ನಡುವೆ ಇರಬೇಕಾದ ಮನುಷ್ಯನ ಧ್ವನಿ ಮಾತ್ರ ಟೊಳ್ಳು.

ಕಾರಣ ಕಷ್ಟದ್ದೇನಲ್ಲ. ಮಾತಾಡುವ ಗಂಡಸಿನ ಧ್ವನಿಯ ಬುಡ ಸುಮಾರು 85ರಿಂದ 180 ಹರ್ಟ್ಜ್ (ಸೆಕೆಂಡಿಗೆ ಅಷ್ಟು ಕಂಪನ) ಒಳಗಿರುತ್ತದೆ. ಎರಡು ಇಂಚಿನ ಸ್ಪೀಕರ್ ಅಷ್ಟು ಕೆಳಗೆ ಇಳಿಯಲಾರದು. ಹಾಗಾಗಿ ಆ ಭಾಗವನ್ನು ಸಬ್‌ವೂಫರ್ ಹೊರಬೇಕು. ಅದು ಇರುವುದು ಕಾಲ ಹತ್ತಿರ, ಮೂಲೆಯಲ್ಲಿ. ಒಬ್ಬರ ಗಂಟಲನ್ನು ಎರಡು ತುಂಡು ಮಾಡಿ, ಒಂದನ್ನು ನೆಲದ ಮೇಲೆ, ಇನ್ನೊಂದನ್ನು ಮೇಜಿನ ಮೇಲೆ ಇಟ್ಟ ಹಾಗೆ.

ಹೊಸದಕ್ಕೆ ಎತ್ತಿಟ್ಟಿರುವ ದುಡ್ಡು 6,000 ರೂಪಾಯಿ. ನಮ್ಮ ಮನೆ ಇರುವುದು ತುಮಕೂರಿನ ಕ್ಯಾತ್ಸಂದ್ರದಲ್ಲಿ. ಕೋಣೆ 10 ಅಡಿಗೆ 11 ಅಡಿ, ಟೈಲ್ಸ್ ನೆಲ, ಮೇಲೆ ಆರ್‌ಸಿಸಿ. ಚಪ್ಪಾಳೆ ತಟ್ಟಿದರೆ ಗೋಡೆ ತಿರುಗಿ ತಟ್ಟುತ್ತದೆ. ನಾನು ಕೂರುವುದು ಸ್ಪೀಕರ್‌ನಿಂದ ಮೂರು ಅಡಿ ದೂರದಲ್ಲಿ.

ಜೂನ್ 4

ಹಳೆ ಸೆಟ್ಟಿನ ಗುಂಯ್ ಸದ್ದಿನ ಹಿಂದೆ ಬಿದ್ದೆ. ಹೊಸ ಸ್ಪೀಕರ್ ತಂದ ಮೇಲೂ ಅದು ಹಾಗೇ ಉಳಿದರೆ ದುಡ್ಡು ದಂಡ ಅಲ್ವಾ?

ಮೊದಲು ಕಂಪ್ಯೂಟರ್‌ನಿಂದ ಕೇಬಲ್ ಕಿತ್ತು ಫೋನ್‌ಗೆ ಚುಚ್ಚಿದೆ. ಗುಂಯ್ ನಿಂತಿತು. ಅಂದರೆ ತಪ್ಪು ಸ್ಪೀಕರಿನದ್ದಲ್ಲ. ತಿರುಗಿ ಕಂಪ್ಯೂಟರ್‌ಗೆ ಹಾಕಿದೆ. ಮೌಸ್ ಆಡಿಸಿದರೆ ಸಣ್ಣಗೆ ಕಿರ್ ಕಿರ್ ಅಂತಲೂ ಕೇಳುತ್ತಿತ್ತು. ಇಷ್ಟು ದಿನ ನಾನು ಕ್ಯಾಬಿನೆಟ್‌ನ ಮುಂದಿನ ಜ್ಯಾಕ್ ಬಳಸುತ್ತಿದ್ದೆ. ಆ ಜ್ಯಾಕ್‌ನಿಂದ ಮದರ್‌ಬೋರ್ಡ್‌ವರೆಗೆ ಒಳಗೆ ಉದ್ದದ ವೈರ್ ಓಡುತ್ತದೆ. ದಾರಿಯಲ್ಲಿರುವ ಗಲಾಟೆಯನ್ನೆಲ್ಲ ಅದು ಹೀರಿಕೊಳ್ಳುತ್ತದೆ. ಹಿಂಬದಿಯ ಹಸಿರು ಜ್ಯಾಕ್‌ಗೆ ಬದಲಾಯಿಸಿದೆ, ಕಿರ್ ಕಿರ್ ಮುಕ್ಕಾಲು ಪಾಲು ಹೋಯಿತು. ಆಮೇಲೆ ಕಂಪ್ಯೂಟರ್ ಮತ್ತು ಸ್ಪೀಕರ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದೆ. ಗುಂಯ್ ಕೂಡ ಹತ್ತಿರ ಹತ್ತಿರ ಇಲ್ಲವಾಯಿತು. ಬೇರೆ ಬೇರೆ ಪ್ಲಗ್‌ನಲ್ಲಿದ್ದಾಗ ಎರಡರ ಅರ್ಥಿಂಗ್ ನಡುವೆ ಸಣ್ಣ ವ್ಯತ್ಯಾಸ ಇರುತ್ತದೆ, ಅದು ಆಡಿಯೋ ಕೇಬಲ್‌ನಲ್ಲಿ ಹರಿದು ಸದ್ದಾಗುತ್ತದೆ. ಗುಂಯ್ ಹೋಗಲಿ ಅಂತ ಅರ್ಥ್ ಪಿನ್ ಮುರಿಯುವವರು ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಪಿನ್ ಇರುವುದು ನಮ್ಮ ಜೀವ ಕಾಯುವುದಕ್ಕೆ.

ಗುಂಯ್ ಹೋಯಿತು, ಬಾವಿ ಹೋಗಲಿಲ್ಲ. ಹುಡುಕಾಟ ಮುಂದುವರಿಸಬೇಕು.

ಜೂನ್ 8, ಭಾನುವಾರ

ತುಮಕೂರಿನ ಎಂ.ಜಿ. ರಸ್ತೆಯಲ್ಲಿ ಎರಡು ಅಂಗಡಿ ನೋಡಿದೆ. ಎರಡರಲ್ಲೂ ಮೊದಲ ಮಾತು ಒಂದೇ: "ಸಾರ್, ಬೇಸ್ ಕೇಳಿ ಸಾರ್." ಅವರು ಹಾಕುವ ಹಾಡೂ ಬೇಸ್ ತೋರಿಸುವುದಕ್ಕೇ ಇರುವಂಥದ್ದು. ಎದೆ ನಡುಗುತ್ತದೆ. ಆದರೆ ಆ ಹಾಡಿನಲ್ಲಿ ಮನುಷ್ಯರೇ ಇಲ್ಲ.

ಒಂದು ಡಬ್ಬದ ಮೇಲೆ ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಶಕ್ತಿ ಅಂತ ಹೇಳಿಕೊಳ್ಳುವ) ಲೆಕ್ಕದಲ್ಲಿ ಸಾವಿರಗಟ್ಟಲೆ ವಾಟ್ ಬರೆದಿತ್ತು. ಅಂಗಡಿಯವರನ್ನು ಕೇಳಿ ಅದರ ಅಡಾಪ್ಟರ್ ತೆಗೆಸಿ ನೋಡಿದೆ. ಹಿಂದೆ ಚಿಕ್ಕ ಅಕ್ಷರದಲ್ಲಿ 12 ವೋಲ್ಟ್, 2 ಆಂಪಿಯರ್. ಗುಣಿಸಿದರೆ 24 ವಾಟ್. ಒಳಗೆ ಬರುವುದೇ ಇಷ್ಟು, ಹೊರಗೆ ಸಾವಿರ ಹೇಗೆ ಹೋಗುತ್ತದೆ? ನೋಡಬೇಕಾದದ್ದು ಆರ್‌ಎಂಎಸ್ ವಾಟ್, ಅಂದರೆ ಎಡೆಬಿಡದೆ ಕೊಡಬಲ್ಲ ಶಕ್ತಿ. ಅದಕ್ಕೂ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ವಾಟ್ ಎರಡು ಪಟ್ಟಾದರೆ ಸದ್ದು ಏರುವುದು ಬರೀ 3 ಡೆಸಿಬಲ್. ಕಿವಿಗೆ ಎರಡರಷ್ಟು ಜೋರಾಗಿ ಕೇಳಬೇಕಾದರೆ ಸುಮಾರು ಹತ್ತು ಪಟ್ಟು ವಾಟ್ ಬೇಕು. ಮೂರು ಅಡಿ ದೂರದಲ್ಲಿ ಕೂತು ಹಾಡು ಕೇಳುವವನಿಗೆ ಹೆಚ್ಚಿನ ಹೊತ್ತು ಒಂದೆರಡು ವಾಟ್ ಸಾಕು. 20ಕ್ಕೂ 40ಕ್ಕೂ ಇರುವ ವ್ಯತ್ಯಾಸಕ್ಕೆ ಎರಡು ಸಾವಿರ ಜಾಸ್ತಿ ಕೊಡುವುದು ನನಗೆ ಸರಿ ಕಾಣಲಿಲ್ಲ.

ಹಾಗಾಗಿ ಹುಡುಕಬೇಕಾದದ್ದು 2.0 ಅಂತ ಖಚಿತ ಮಾಡಿಕೊಂಡೆ. ಎರಡೇ ಪೆಟ್ಟಿಗೆ, ಮರದ್ದು, ಒಂದೊಂದರಲ್ಲೂ ಕೆಳಗಿನ ಸ್ವರಕ್ಕೆ ನಾಲ್ಕು ಇಂಚಿನ ವೂಫರ್, ಅದರ ಮೇಲೆ ಎತ್ತರದ ಸ್ವರಕ್ಕೊಂದು ಟ್ವೀಟರ್. ಧ್ವನಿಯ ಬುಡವೂ ತುದಿಯೂ ಒಂದೇ ಪೆಟ್ಟಿಗೆಯಿಂದ ಬರಬೇಕು. ಭಾವ ತಮ್ಮ ಹಳೆ ಡೆಕ್ಕಿನ ಬಾಕ್ಸ್ ಕೊಡುತ್ತೇನೆ, ಆಂಪ್ಲಿಫೈಯರ್ ಬೋರ್ಡ್ ಹಾಕಿಕೋ ಅಂದರು. ಆ ಕೆಲಸ ಇನ್ನೊಂದು ಸಲ.

ಜೂನ್ 14, ಶನಿವಾರ

ಬೆಳಗಿನ ರೈಲು ಹತ್ತಿ, ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿಯಾದ ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋಗಿಬಂದೆ. ಹೋಗುವ ಮುಂಚೆ ಫೋನ್‌ನಲ್ಲಿ ನಾಲ್ಕು ತುಣುಕು ಇಟ್ಟುಕೊಂಡೆ. ಅಪ್ಪ ಹೇಳಿದ ಅದೇ ಹಳೆ ಹಾಡು. ಒಂದು ವೀಣೆ. ಒಂದು ಮೃದಂಗದ ತನಿ (ಮೃದಂಗ ಒಂದೇ ನುಡಿಯುವ ಭಾಗ). ನಾಲ್ಕನೆಯದು ಅಪ್ಪನ ಮಾತು.

ಈ ನಾಲ್ಕನೆಯದರ ಬಗ್ಗೆ ಸ್ವಲ್ಪ ಹೇಳಬೇಕು. ಹಿಂದಿನ ದಿನ ಸಂಜೆ ಜಗಲಿಯಲ್ಲಿ ಅಪ್ಪ ಅಂತರಸನಹಳ್ಳಿ ಮಾರ್ಕೆಟ್‌ನಲ್ಲಿ ತೆಂಗಿನಕಾಯಿ ರೇಟು ಹೇಗಿದೆ ಅಂತ ಹೇಳುತ್ತಿದ್ದರು. ಫೋನ್ ಪಕ್ಕದಲ್ಲಿಟ್ಟು ಎರಡು ನಿಮಿಷ ರೆಕಾರ್ಡ್ ಮಾಡಿಕೊಂಡೆ. ಪಿ.ಬಿ. ಶ್ರೀನಿವಾಸ್ ಎದುರಿಗೆ ಕೂತು ಹಾಡಿದ್ದನ್ನು ನಾನು ಕೇಳಿಲ್ಲ. ಅವರ ಧ್ವನಿ ನಿಜಕ್ಕೂ ಹೇಗಿತ್ತು ಅಂತ ನನ್ನ ಕಿವಿಗೆ ಗೊತ್ತಿಲ್ಲ. ಅಪ್ಪನದು ಹುಟ್ಟಿದಾಗಿನಿಂದ ಗೊತ್ತು. "ರ" ಬಂದಾಗ ಗಂಟಲು ಸ್ವಲ್ಪ ಕೆರೆಯುತ್ತದೆ. ವಾಕ್ಯ ಮುಗಿಯುವಾಗ ಧ್ವನಿ ಕೆಳಗಿಳಿದು ಎದೆಗೆ ಹೋಗುತ್ತದೆ. ಸ್ಪೀಕರ್ ತಪ್ಪು ಹೇಳಿದರೆ ತಕ್ಷಣ ಗೊತ್ತಾಗುತ್ತದೆ.

ಎಸ್‌ಪಿ ರಸ್ತೆಯಲ್ಲಿ ಮೂರು ಸೆಟ್ ಕೇಳಲು ಸಿಕ್ಕಿತು. ಮೊದಲು ಕ್ರಿಯೇಟಿವ್ ಪೆಬಲ್. ಅಂಗೈಗೆ ಸ್ವಲ್ಪ ಮಿಕ್ಕುವ ಎರಡು ಗುಂಡು, ಯುಎಸ್‌ಬಿಯಿಂದಲೇ ಕರೆಂಟ್, ಒಟ್ಟು 4.4 ವಾಟ್. ಸ್ಪೀಕರ್ ಮುಖ 45 ಡಿಗ್ರಿ ಮೇಲಕ್ಕೆ ತಿರುಗಿರುವುದರಿಂದ ಮೇಜಿನ ಮೇಲಿಟ್ಟರೂ ಸದ್ದು ನೇರ ಕಿವಿಗೆ ಬರುತ್ತದೆ. ಅಪ್ಪನ ಮಾತು ಸ್ಪಷ್ಟ. ವಾಕ್ಯದ ಕೊನೆಯಲ್ಲಿ ಎದೆಗಿಳಿಯುವ ಭಾಗ ಮಾತ್ರ ಇಲ್ಲ. ಮೃದಂಗದಲ್ಲಿ ಬಲಗಡೆಯ ಪೆಟ್ಟೆಲ್ಲ ಚೆನ್ನಾಗಿ ಕೇಳಿತು, ರವೆ ಮೆತ್ತುವ ಎಡಗಡೆ ಕಾಣೆಯಾಗಿತ್ತು. ಎರಡೂಕಾಲು ಇಂಚಿನ ಸ್ಪೀಕರ್‌ನಿಂದ ಅದಕ್ಕಿಂತ ಹೆಚ್ಚು ಕೇಳುವುದು ನ್ಯಾಯವೂ ಅಲ್ಲ. ಎರಡು ಸಾವಿರದ ಆಸುಪಾಸಿನಲ್ಲಿ, ಚಿಕ್ಕ ಮೇಜಿಗೆ, ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಎರಡನೆಯದು ಬ್ಲೂಟೂತ್ ಬಾರ್. ಎಡ ಬಲ ಎರಡೂ ಒಂದೇ ಕೋಲಿನಲ್ಲಿ, ಒಂದೂವರೆ ಅಡಿಯೊಳಗೆ. ಬೇಡ ಅನಿಸಿತು.

ಮೂರನೆಯದು ಎಡಿಫೈಯರ್ ಆರ್1280ಟಿ. ನಾಲ್ಕು ಇಂಚಿನ ವೂಫರ್, 13 ಮಿಲಿಮೀಟರ್ ರೇಷ್ಮೆ ಡೋಮ್ ಟ್ವೀಟರ್, ಎರಡೂ ಸೇರಿ 42 ವಾಟ್ ಆರ್‌ಎಂಎಸ್. ಅಪ್ಪನ ತುಣುಕು ಹಾಕಿದೆ. "ಮೊನ್ನೆಗಿಂತ ಎರಡು ರೂಪಾಯಿ ಇಳಿದೈತೆ" ಅನ್ನುವಲ್ಲಿ ಧ್ವನಿ ಕೆಳಗಿಳಿಯಿತು. ಆ ಗದ್ದಲದ ಅಂಗಡಿಯಲ್ಲಿ ನಾನು ಪಕ್ಕಕ್ಕೆ ತಿರುಗಿ ನೋಡಿದೆ, ಅಪ್ಪ ಬಂದಿದ್ದಾರೇನೋ ಅಂತ.

ಬೆಲೆ ನನ್ನ 6,000ದಲ್ಲಿ ಇಲ್ಲ. ಬರಿಗೈಲಿ ವಾಪಸ್.

ಜೂನ್ 22, ಭಾನುವಾರ

ಸಿಕ್ಕಿತು!

ಎಸ್‌ಐಟಿ ಇಂಜಿನಿಯರಿಂಗ್ ಕಾಲೇಜಿನ ಸುತ್ತಮುತ್ತ ಪಿಜಿಗಳಲ್ಲಿರುವ ಹುಡುಗರು ಕೋರ್ಸ್ ಮುಗಿಸಿ ಊರಿಗೆ ಹೊರಡುವಾಗ ಟೇಬಲ್, ಕುಕ್ಕರ್, ಮಾನಿಟರ್ ಎಲ್ಲ ಮಾರಿ ಹೋಗುತ್ತಾರೆ. ಆಫೀಸಿನವರೊಬ್ಬರ ಮೂಲಕ ಒಬ್ಬ ಹುಡುಗನ ಹತ್ತಿರ ಅದೇ ಎಡಿಫೈಯರ್ ಮಾಡೆಲ್ ಇದೆ ಅಂತ ಗೊತ್ತಾಯಿತು. ಎರಡು ವರ್ಷ ಬಳಸಿದ್ದು. 5,500 ಹೇಳಿದ, 5,000ಕ್ಕೆ ಮುಗಿಯಿತು.

ದುಡ್ಡು ಕೊಡುವ ಮುಂಚೆ ಮುಕ್ಕಾಲು ಗಂಟೆ ನೋಡಿದೆ. ಹುಡುಗ ಪಾಪ, ಸಹನೆಯಿಂದ ಇದ್ದ. ಮುಂದಿನ ಬಟ್ಟೆಯ ಜಾಲರಿ ತೆಗೆದು, ವೂಫರ್ ಸುತ್ತಲಿನ ರಬ್ಬರ್ ಉಂಗುರದ ಮೇಲೆ ಟಾರ್ಚ್ ಬಿಟ್ಟು ನೋಡಿದೆ. ಬಿರುಕು ಇಲ್ಲ. ಹೆಬ್ಬೆರಳು ತೋರುಬೆರಳುಗಳನ್ನು ಕೋನ್‌ನ ಎರಡು ಬದಿಗೆ ಇಟ್ಟು ಮೆಲ್ಲಗೆ ಒಳಗೆ ಒತ್ತಿದೆ. ಉಜ್ಜುವ ಸದ್ದು ಬಂದರೆ ಒಳಗಿನ ಕಾಯಿಲ್ (ತಂತಿ ಸುರುಳಿ) ಸರಿದಿದೆ ಅಂತ ಅರ್ಥ. ಬರಲಿಲ್ಲ. ಟ್ವೀಟರ್ ಮುಟ್ಟಲಿಲ್ಲ, ಅದು ಬೆರಳು ತಾಗಿದರೆ ನೆಗ್ಗುತ್ತದೆ. ಫೋನ್‌ನ ಟೋನ್ ಆ್ಯಪ್‌ನಿಂದ 60 ಹರ್ಟ್ಜ್‌ನಿಂದ 200ರವರೆಗೆ ನಿಧಾನವಾಗಿ ಏರಿಸಿದೆ. 110ರ ಹತ್ತಿರ ಏನೋ ಗರಗರ ಅಂದಿತು. ಎದೆ ಧಸಕ್ ಅಂದಿತು. ನೋಡಿದರೆ ಟೇಬಲ್ ಮೇಲಿದ್ದ ಸ್ಟೀಲ್ ಡಬ್ಬಿಯ ಮುಚ್ಚಳ. ತೆಗೆದಿಟ್ಟ ಮೇಲೆ ಶುದ್ಧ.

ವಾಲ್ಯೂಮ್ ತಿರುಗಿಸುವಾಗ ಶುರುವಿನಲ್ಲಿ ಸ್ವಲ್ಪ ಕರಕರ ಇತ್ತು. ಹತ್ತಿಪ್ಪತ್ತು ಸಲ ಆಚೆ ಈಚೆ ತಿರುಗಿಸಿದೆ, ಕಡಿಮೆಯಾಯಿತು. ಒಳಗೆ ಧೂಳು ಇದ್ದಿರಬೇಕು. ಕೊನೆಗೆ ಸ್ಪೀಕರ್ ಹಿಂದೆ ಚುಚ್ಚಿದ್ದ ಆಡಿಯೋ ಕೇಬಲ್‌ನ ಎರಡು ಪಿನ್ ಅದಲು ಬದಲು ಮಾಡಿದೆ. ಎಡಗಡೆಯ ಪೆಟ್ಟಿಗೆ ತುಸು ಮೆತ್ತಗೆ ಕೇಳುತ್ತಿದೆ ಅನಿಸಿತ್ತು. ಪಿನ್ ಬದಲಾದಾಗ ಮೆತ್ತಗಿನ ಬದಿಯೂ ಬದಲಾಯಿತು. ಸ್ಪೀಕರ್ ಸರಿಯಿದೆ, ತಪ್ಪು ಕೇಬಲ್‌ನದ್ದೋ ಫೋನ್‌ನದ್ದೋ ಅಂತ ಖಾತ್ರಿಯಾಯಿತು.

ಸ್ಕೂಟರ್‌ನ ಕಾಲಿಡುವ ಜಾಗದಲ್ಲಿ ಒಂದು, ಬೆನ್ನ ಮೇಲಿನ ಬ್ಯಾಗ್‌ನಲ್ಲಿ ಒಂದು. ಬಿ.ಎಚ್. ರಸ್ತೆಯಲ್ಲಿ ಇಪ್ಪತ್ತರ ಸ್ಪೀಡಲ್ಲಿ ಮನೆಗೆ ತಂದೆ.

ಜೂನ್ 24

ತಂದ ದಿನ ಕೇಳಿ ಬೇಜಾರಾಗಿತ್ತು. ಬಾವಿ ಇಲ್ಲ, ಆದರೆ ಡಬ್ಬದೊಳಗೆ ಹಾಡಿದ ಹಾಗಿತ್ತು. ಮೇಜಿನ ಮೇಲೆ, ಗೋಡೆಗೆ ಒರಗಿಸಿ, ಮಾನಿಟರ್‌ಗೆ ಅಂಟಿಸಿ ಇಟ್ಟಿದ್ದೆ. ಗೋಡೆ ಹತ್ತಿರ ಇದ್ದಷ್ಟೂ ಬೇಸ್ ಊದಿಕೊಳ್ಳುತ್ತದೆ, ಮೂಲೆಯಲ್ಲಿ ಇನ್ನೂ ಜಾಸ್ತಿ. ಮೇಜಿನ ಹಲಗೆ ಬೇರೆ ಸದ್ದನ್ನು ಎತ್ತಿ ಮುಖಕ್ಕೆ ಹೊಡೆಯುತ್ತದೆ.

ಜೂನ್ 29, ಭಾನುವಾರ

ಇಡೀ ಮಧ್ಯಾಹ್ನ ಇದಕ್ಕೇ ಕೊಟ್ಟೆ. ಮೇಜನ್ನು ಗೋಡೆಯಿಂದ ಒಂದು ಅಡಿ ಮುಂದಕ್ಕೆ ಎಳೆದೆ. ಅಮ್ಮನ ಹತ್ತಿರ ಬೇಡಿ ಎರಡು ಊಟದ ಮಣೆ ತಂದೆ. ಹಳೆ ಸೈಕಲ್ ಟ್ಯೂಬ್ ಕತ್ತರಿಸಿ ನಾಲ್ಕು ನಾಲ್ಕು ತುಂಡು ಮಾಡಿ, ಮಣೆಗೂ ಪೆಟ್ಟಿಗೆಗೂ ನಡುವೆ ಮಡಚಿಟ್ಟೆ. ಮುಂದಿನ ಎರಡು ತುಂಡು ದಪ್ಪ, ಹಿಂದಿನದು ತೆಳು. ಪೆಟ್ಟಿಗೆ ಸ್ವಲ್ಪ ಹಿಂದಕ್ಕೆ ವಾಲಿ, ಟ್ವೀಟರ್ ನೇರವಾಗಿ ನನ್ನ ಕಿವಿ ನೋಡುತ್ತದೆ. ಮೇಜಿನ ಮೇಲೆ ಕೈಯಿಟ್ಟರೆ ಮೊದಲಿನ ನಡುಕ ಇಲ್ಲ.

ಎರಡರ ನಡುವೆ ಮೂರು ಅಡಿ, ನನ್ನ ತಲೆಗೆ ಎರಡರಿಂದಲೂ ಮೂರು ಅಡಿ. ಅಮ್ಮನ ಟೈಲರಿಂಗ್ ಟೇಪ್‌ನಲ್ಲಿ ಅಳೆದೆ. ಒಂದು ಕಡೆ ಎರಡು ಇಂಚು ವ್ಯತ್ಯಾಸ ಬಂದರೂ ಹಾಡು ಆ ಕಡೆಗೆ ವಾಲುತ್ತದೆ. ನಮ್ಮ ಹಳೆಯ ಚಿತ್ರಗೀತೆಗಳು ಮೋನೊ, ಎಡಕ್ಕೂ ಬಲಕ್ಕೂ ಹೋಗುವುದು ಒಂದೇ ಸದ್ದು. ಜೋಡಣೆ ಸರಿಯಿದ್ದರೆ ಆ ಎರಡು ಒಂದಾಗಿ, ನಟ್ಟ ನಡುವೆ ಖಾಲಿ ಜಾಗದಲ್ಲಿ ನಿಲ್ಲಬೇಕು. ಅರ್ಧರ್ಧ ಇಂಚು ಸರಿಸುತ್ತಾ ಹೋದೆ. ಸಂಜೆ ಐದರ ಹೊತ್ತಿಗೆ ಧ್ವನಿ ಎಡದಿಂದ ಜರುಗಿ ಬಂದು ಮಾನಿಟರ್ ಹಿಂದೆ ನಿಂತಿತು. ಆಮೇಲೆ ಕುರ್ಚಿಯ ಕಾಲಿರುವ ಕಡೆ ನೆಲಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ.

ಜುಲೈ 6, ಭಾನುವಾರ

ಬೆಳಿಗ್ಗೆ ಆರೂವರೆ. ಅಪ್ಪನನ್ನು ಕರೆದು ಗುರುತಿನ ಕುರ್ಚಿಯಲ್ಲಿ ಕೂರಿಸಿದೆ. ಏನೂ ಹೇಳಲಿಲ್ಲ, ಅದೇ ಹಾಡು ಹಾಕಿದೆ. ಚರಣದ ಹೊತ್ತಿಗೆ ಕ್ಯಾತ್ಸಂದ್ರ ಸ್ಟೇಷನ್ ದಾಟುವ ರೈಲು ಬಂತು. ಅಪ್ಪ ಕೈ ಎತ್ತಿ ನಿಲ್ಲಿಸು ಅಂದರು. ರೈಲು ಹೋಗುವ ತನಕ ಕಾದು, ಚರಣದಿಂದ ಮತ್ತೆ ಹಾಕಿಸಿಕೊಂಡರು.

ಹಾಡು ಮುಗಿಯಿತು. ಅಪ್ಪ ಎದ್ದು ಮಾನಿಟರ್‌ನ ಅಂಚು ಹಿಡಿದು ಹಿಂದೆ ಇಣುಕಿದರು.

"ಇನ್ನೊಂದು ಎಲ್ಲಿಟ್ಟಿದ್ದೀಯೋ?"

"ಎರಡೇ ಇರೋದಪ್ಪ."

"ಇಲ್ಲಿಂದ ಬರ್ತೈತಲ್ಲ ಹಾಡು?"

ಸೆಟ್ಟಿಂಗ್ ಬರೆದಿಡುತ್ತೇನೆ, ಮರೆಯಬಾರದು. ಕಂಪ್ಯೂಟರ್ ವಾಲ್ಯೂಮ್ 90, ಉಳಿದದ್ದು ಸ್ಪೀಕರ್ ತಿರುಗಣೆಯಲ್ಲಿ. ಬೇಸ್ ನಡುವಿಗಿಂತ ಸ್ವಲ್ಪ ಕಡಿಮೆ, ಟ್ರೆಬಲ್ ನಡುವೆ. ಬಾಕಿ ಇರುವ ಕೆಲಸ: ಎದುರು ಗೋಡೆಗೆ ದಪ್ಪ ಪರದೆ, ನೆಲಕ್ಕೊಂದು ಜಮಖಾನ. ಚಪ್ಪಾಳೆ ತಟ್ಟಿದರೆ ಗೋಡೆ ಇನ್ನೂ ತಿರುಗಿ ತಟ್ಟುತ್ತಿದೆ.