ದರ ಹೇಳುವ ಮೊದಲು ಷರತ್ತು ಬರೆಯಿರಿ

ಕಟ್ಟಡಗಳ ಹೊರಗೋಡೆ, ಗಾಜು, ಎಸಿಪಿ ಶೀಟು (ಗೋಡೆಗೆ ಹೊದಿಸುವ ಅಲ್ಯೂಮಿನಿಯಂ ಹಾಳೆ) ತೊಳೆದುಕೊಡುವ ಗುತ್ತಿಗೆ ನನ್ನದು. ಕಾಸರಗೋಡು ಜಿಲ್ಲೆಯ ಉಪ್ಪಳದಿಂದ ಹೊಸದುರ್ಗದವರೆಗೆ ಜವಳಿ ಅಂಗಡಿ, ಆಸ್ಪತ್ರೆ, ಆಡಿಟೋರಿಯಂ, ಕಾಂಪ್ಲೆಕ್ಸ್ ಅಂತ ಕೆಲಸ ಇರುತ್ತದೆ. ಈ ಕಸುಬಿಗೆ ಹೊಸದಾಗಿ ಇಳಿಯುವ ಹುಡುಗರು ಮೊದಲು ಕೇಳುವುದು, ಚದರ ಅಡಿಗೆ ಎಷ್ಟು ಹಾಕಬೇಕು ಅಂತ. ಆ ದರದೊಳಗೆ ಏನೇನು ಸೇರಿದೆ ಅಂತ ಬರೆದಿದ್ದೀರಾ ಎಂದು ನಾನು ತಿರುಗಿ ಕೇಳುತ್ತೇನೆ. ನೀವು ಬರೆಯದೇ ಬಿಟ್ಟದ್ದೆಲ್ಲ ಕಟ್ಟಡದವರ ಲೆಕ್ಕದಲ್ಲಿ ದರದೊಳಗೇ ಇರುತ್ತದೆ. ನೀರು, ಅಟ್ಟಣಿಗೆ, ಮಳೆಗೆ ಹೋದ ದಿನ, ಮೊದಲೇ ಗೀರು ಬಿದ್ದಿದ್ದ ಗಾಜು, ಎಲ್ಲವೂ.

ನೀರಿನಿಂದಲೇ ಶುರು ಮಾಡೋಣ. ನೀರು ಕಟ್ಟಡದವರದ್ದು ಅಂತ ಬರೆದರೆ ಸಾಲದು. ಎಂಥ ನೀರು ಅಂತಲೂ ಬೇಕು. ಬಾವಿಕ್ಕರೆಯಲ್ಲಿ ಹೊಳೆಗೆ ತಡೆ ಕಟ್ಟುವ ಮೊದಲು, ಬೇಸಗೆಯಲ್ಲಿ ಕಾಸರಗೋಡು ಪೇಟೆಯ ನಲ್ಲಿಯಲ್ಲೇ ಉಪ್ಪುನೀರು ಬರುತ್ತಿದ್ದದ್ದು ಇಲ್ಲಿನವರಿಗೆ ನೆನಪಿರಬಹುದು. ಕಡಲ ಬದಿಯ ಎಷ್ಟೋ ಬಾವಿಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಈಗಲೂ ಅದೇ ಕಥೆ. ಆ ನೀರಿನಲ್ಲಿ ಗಾಜು ತೊಳೆದರೆ ಒಣಗಿದ ಮೇಲೆ ಬಿಳಿ ಚುಕ್ಕಿ ಉಳಿಯುತ್ತದೆ. ಶುದ್ಧ ಮಾಡಿದ ನೀರನ್ನು ಟ್ಯಾಂಕರಿನಲ್ಲಿ ತರಬೇಕಾದರೆ ಅದರ ಖರ್ಚು ಬೇರೆ ಸಾಲಾಗಿ ಕೊಟೇಶನ್ನಿನಲ್ಲಿ ಕಾಣಲಿ.

ಇನ್ನು ಮಳೆ. ನಮ್ಮಲ್ಲಿ ವರ್ಷಕ್ಕೆ ಸುಮಾರು 3,500 ಮಿಲ್ಲಿಮೀಟರ್ ಸುರಿಯುತ್ತದೆ. ಮೇ ಕೊನೆಗೆ ಬರುವ ತುಳುನಾಡಿನ ಪತ್ತನಾಜೆ ಕಳೆದ ಮೇಲೆ ಹೊರಗಿನ ಕೆಲಸಕ್ಕೆ ತಾರೀಕು ಕೊಡುವುದೇ ಕಷ್ಟ. ಆದರೆ ಜವಳಿ ಅಂಗಡಿಯವರಿಗೆ ಓಣಂ ಮೊದಲೇ ಮುಗಿಯಬೇಕು. ಮಳೆಯ ದಿನಗಳು ಅವಧಿಗೆ ಸೇರುವುದಿಲ್ಲ ಅಂತ ಬರೆಯಿರಿ. ಜೊತೆಗೆ ದರ 30 ದಿನ ಮಾತ್ರ ಅಂತಲೂ ಹಾಕಿ. ಫೆಬ್ರವರಿಯಲ್ಲಿ ನೋಡಿದ ಗೋಡೆ ಬೇರೆ, ಮಳೆಗಾಲ ಕುಡಿದು ಹಾವಸೆ ಕಟ್ಟಿದ ಅಕ್ಟೋಬರಿನ ಗೋಡೆ ಬೇರೆ, ಅಲ್ವಾ? ಹೇಳಿದ ಗಡುವಿನೊಳಗೆ ಒಪ್ಪದಿದ್ದರೆ ನಮ್ಮ ಮಾತು ಅಲ್ಲಿಗೇ ಮುಗಿಯಿತು ಅಂತ 1872ರ ಕರಾರು ಕಾಯಿದೆಯೇ ಹೇಳುತ್ತದೆ. ಹಾವಸೆ ಮತ್ತೆ ಬರುವುದೇ ಇಲ್ಲ ಅಂತ ಮಾತ್ರ ಯಾರಿಗೂ ಬರೆದುಕೊಡಬೇಡಿ. ಈ ಊರಿನಲ್ಲಿ ಅದು ಸುಳ್ಳಾಗುತ್ತದೆ.

ನಾನು ಅತಿ ಜಾಸ್ತಿ ಹೊತ್ತು ಕೊಡುವುದು ಗೋಡೆಯ ಈಗಿನ ಸ್ಥಿತಿ ಬರೆಯುವುದಕ್ಕೆ. ಹಳೆಯ ಎಸಿಪಿ ಶೀಟಿನ ಮೇಲೆ ಬೆರಳು ಎಳೆದರೆ ಬಣ್ಣ ಪುಡಿಯಾಗಿ ಕೈಗೆ ಬರುತ್ತದೆ. ಬಿಸಿಲಿಗೆ ಬಣ್ಣ ಸತ್ತಿದೆ ಅಂತ ಅದರ ಅರ್ಥ. ತೊಳೆದ ಮೇಲೆ ಇದನ್ನು ತೋರಿಸಿದರೆ ಯಾರೂ ನಂಬುವುದಿಲ್ಲ. ಒಂದು ಕಡೆ ಮ್ಯಾನೇಜರರನ್ನು ಕರೆದು, "ಸರ್, ನೀವೇ ಒಮ್ಮೆ ಕೈ ಇಟ್ಟು ನೋಡಿ" ಅಂದೆ. ಅವರು ಅಂಗೈ ಉಜ್ಜಿದರು. ಇಡೀ ಅಂಗೈ ಬೂದು ಬಣ್ಣ. "ಹಾಗಾದರೆ ಇದು ತೊಳೆದರೆ ಹೊಸದಾಗಲಿಕ್ಕಿಲ್ಲ ಅಲ್ವಾ?" ಅಂತ ಅವರೇ ಕೇಳಿದರು. ಆ ಮಾತನ್ನೇ ಷರತ್ತಾಗಿ ಬರೆದೆ, ಅವರು ಸಹಿ ಹಾಕಿದರು.

ಗಾಜನ್ನು ಸಂಜೆಯ ಓರೆ ಬಿಸಿಲಿನಲ್ಲಿ ನೋಡಬೇಕು. ಪೇಂಟಿನವರು ಬ್ಲೇಡಿನಿಂದ ಕೆರೆದ ಗೀರು, ಸಿಮೆಂಟು ನೀರು ಇಳಿದು ಕೂತ ಕಲೆ ಆಗಷ್ಟೇ ಕಾಣುತ್ತವೆ. ಅಲ್ಲಲ್ಲಿ ಟೇಪು ಅಂಟಿಸಿ, ಫೋಟೋ ತೆಗೆದು, ಕೊಟೇಶನ್ನಿನ ಜೊತೆಗೇ ಕಳುಹಿಸುತ್ತೇನೆ. ಕೆಂಪುಕಲ್ಲಿನ ಗೋಡೆಯಾದರೆ ಒತ್ತಡದ ನೀರು ಹೊಡೆಯುವುದಿಲ್ಲ ಅಂತ ಸ್ಪಷ್ಟವಾಗಿ ಹಾಕುತ್ತೇನೆ. ಸಂದಿನ ಗಾರೆ ಎದ್ದು ಹೋಗುತ್ತದೆ, ಕಲ್ಲೂ ಉದುರುತ್ತದೆ. ಅದಕ್ಕೆ ಹೈಪೋ (ಸೋಡಿಯಂ ಹೈಪೋಕ್ಲೋರೈಟ್ ಎಂಬ ಬ್ಲೀಚು) ಹಚ್ಚಿ, ಹಾವಸೆ ಸತ್ತ ಮೇಲೆ ಮೆಲ್ಲಗೆ ತೊಳೆಯುವ ಕ್ರಮ. ಮೊದಲು ಒಂದು ಮೂಲೆಯಲ್ಲಿ ಎರಡಡಿ ಚೌಕ ತೊಳೆದು ತೋರಿಸಿ ಒಪ್ಪಿಗೆ ತೆಗೆದುಕೊಳ್ಳಿ. ಇಡೀ ಗೋಡೆ ಹೇಗೆ ಬರುತ್ತದೆ ಎಂಬುದಕ್ಕೆ ಆ ಚೌಕವೇ ಅಳತೆ ಅಂತ ಬರೆಯಿರಿ. ಹೈಪೋ ಹಾಕಿದ ಗೋಡೆಗೆ ಬೇರೆಯವರು ಆ್ಯಸಿಡ್ ತರಬಾರದು ಎಂಬ ಸಾಲಂತೂ ಇರಲೇಬೇಕು. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಹಗ್ಗದಲ್ಲಿ ನೇತಾಡುವ ಹುಡುಗ ಅಲ್ಲಿಂದ ಓಡುವುದಾದರೂ ಎಲ್ಲಿಗೆ?

ಹಗ್ಗದ ಕೆಲಸಕ್ಕೆ ಇನ್ನೊಂದು ಮಾತು. ಗಾಳಿ ಜೋರಾದರೆ ಕೆಲಸ ನಿಲ್ಲಿಸುವ ತೀರ್ಮಾನ ನಮ್ಮ ಮೇಸ್ತ್ರಿಯದ್ದು, ಕಟ್ಟಡದವರದ್ದಲ್ಲ. ಇದರಲ್ಲಿ ನಾನು ಚೌಕಾಸಿಗೆ ಕೂರುವುದಿಲ್ಲ. ಮಷಿನ್ ಇಳಿಸುವ ಕೂಲಿ ಯಾರದ್ದು ಅಂತಲೂ ಮೊದಲೇ ತೀರ್ಮಾನವಾಗಲಿ. ಕೇರಳದಲ್ಲಿ ನೋಕ್ಕುಕೂಲಿ, ಅಂದರೆ ಕೆಲಸ ಮಾಡದೆ ಬರೇ ನೋಡಿ ನಿಂತದ್ದಕ್ಕೆ ಕೇಳುವ ಕೂಲಿ, 2018ರ ಮೇ 1ರಿಂದ ನಿಷೇಧವಾಗಿದೆ. ಆದರೆ ನಿಜವಾಗಿ ಇಳಿಸಿದವರಿಗೆ ಕೂಲಿ ಕೊಡಲೇಬೇಕು, ಅದು ನ್ಯಾಯ.

ತೆರಿಗೆಯದ್ದು ಸುಲಭ. ಜಿಎಸ್‌ಟಿ 18% ಬೇರೆ ಅಂತ ಒಂದು ಸಾಲು. ತಲಪಾಡಿಯ ಗಡಿ ದಾಟಿ ಮಂಗಳೂರಿನ ಕಟ್ಟಡ ಹಿಡಿದರೆ ಹೊರರಾಜ್ಯದ ಕೆಲಸಕ್ಕಿರುವ ಐಜಿಎಸ್‌ಟಿ, ಅಷ್ಟೇ. ದುಡ್ಡು ಯಾವಾಗ ಎಂಬುದರ ಬಗ್ಗೆ ಮಾತ್ರ ನಾಚಿಕೆ ಬೇಡ. ಸಣ್ಣ ಉದ್ಯಮಗಳಿಗೆ ಸರಕಾರ ಕೊಡುವ ಉದ್ಯಮ್ ನೋಂದಣಿ ಮೊದಲೇ ಮಾಡಿಸಿಟ್ಟುಕೊಳ್ಳಿ, ನಂಬರನ್ನು ಕೊಟೇಶನ್ನಿನಲ್ಲೂ ಬಿಲ್ಲಿನಲ್ಲೂ ಹಾಕಿ. 2006ರ ಎಂಎಸ್‌ಎಂಇಡಿ ಕಾಯಿದೆಯ ಪ್ರಕಾರ ಸಣ್ಣ ಉದ್ಯಮದವರ ಬಾಕಿಗೆ 45 ದಿನಕ್ಕಿಂತ ಜಾಸ್ತಿ ಗಡುವು ಬರೆಸಿಕೊಳ್ಳುವ ಹಾಗಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಬಡ್ಡಿ ಕೇಳುವ ಸಂದರ್ಭ ಬರುವುದು ಕಡಿಮೆ. ಆದರೆ ಆ ಸಾಲು ಇದ್ದರೆ ಅಕೌಂಟ್ಸ್‌ನವರು ಬಿಲ್ಲನ್ನು ಅಡಿಗೆ ಹಾಕುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ದೊಡ್ಡ ಸಂಸ್ಥೆಯವರಿಂದ ಅವರದ್ದೇ ವರ್ಕ್ ಆರ್ಡರ್ ಬರುತ್ತದೆ. ಎದುರು ನಮ್ಮ ದರ, ಹಿಂದಿನ ಪುಟದ ಸಣ್ಣ ಅಕ್ಷರದಲ್ಲಿ ಅವರ ಷರತ್ತು: ಯಾವ ಹಾನಿಯಾದರೂ ಗುತ್ತಿಗೆದಾರನೇ ಹೊಣೆ, ಪಾವತಿ 90 ದಿನಕ್ಕೆ. ಅದನ್ನು ಓದದೆ ಕೆಲಸ ಶುರು ಮಾಡಿದರೆ ಅವರ ಷರತ್ತಿಗೆ ಒಪ್ಪಿದ ಹಾಗೆ ಆಗಿಬಿಡಬಹುದು. ಅದಕ್ಕೇ ವರ್ಕ್ ಆರ್ಡರ್ ಕೈಗೆ ಬಂದ ದಿನವೇ, ನಮ್ಮ ಕೊಟೇಶನ್ನಿನ ಷರತ್ತುಗಳೇ ಅನ್ವಯ, ಒಪ್ಪಿಗೆ ತಿಳಿಸಿ ಅಂತ ಒಂದು ಮೇಲ್ ಹಾಕುತ್ತೇನೆ. ಉತ್ತರ ಬರುವವರೆಗೆ ಮಷಿನ್ ಗೋದಾಮಿನಿಂದ ಹೊರಡುವುದಿಲ್ಲ.