ಹಣ್ಣು ಮೆಣಸಿನಕಾಯಿ ರಂಜಕ: ನಮ್ಮ ಕಡೆಯ ಹಾಟ್ ಸಾಸ್

ಡಿಸೆಂಬರ್ ಮುಗೀತಾ ಬಂತು ಅಂದ್ರೆ ಮಾರ್ಕೆಟ್‌ಗೆ ಹಣ್ಣು ಮೆಣಸಿನಕಾಯಿ ಬರೋಕೆ ಶುರುವಾಗತ್ತೆ. ಹಸಿರೂ ಅಲ್ಲ, ಒಣಗಿದ್ದೂ ಅಲ್ಲ, ಗಿಡದಲ್ಲೇ ಪೂರ್ತಿ ಕೆಂಪಾಗಿ ಇನ್ನೂ ಒಳಗೆ ರಸ ಇಟ್ಕೊಂಡಿರೋದು. ಧಾರವಾಡ, ಗದಗ, ಹಾವೇರಿ ಕಡೆ ಸಂತೇಲಿ ಇದನ್ನ ರಾಶಿ ಹಾಕ್ಕೊಂಡು ಕೂತಿರ್ತಾರೆ, ಬೆಂಗಳೂರಲ್ಲಿ ಸ್ವಲ್ಪ ಹುಡುಕಬೇಕು, ಕೆ.ಆರ್. ಮಾರ್ಕೆಟ್‌ಗೆ ಬೆಳಿಗ್ಗೆ ಬೇಗ ಹೋದ್ರೆ ಒಳ್ಳೇದು ಸಿಗತ್ತೆ. ಈ ಎರಡು ಮೂರು ತಿಂಗಳು ಬಿಟ್ರೆ ಮತ್ತೆ ಇಂಥಾ ಕಾಯಿ ಸುಲಭಕ್ಕೆ ಕಣ್ಣಿಗೆ ಬೀಳಲ್ಲ, ಅದಕ್ಕೇ ಈ ಪೋಸ್ಟ್ ಈಗಲೇ ಬರೀತಿದೀನಿ.

ಈಗ ಎಲ್ಲಾ ಕಡೆ ಮನೇಲೇ ಹಾಟ್ ಸಾಸ್ ಮಾಡೋ ವಿಡಿಯೋಗಳು ಓಡಾಡ್ತಿವೆ, ಗಾಜಿನ ಜಾರು, ಫರ್ಮೆಂಟೇಶನ್, ಗುಳ್ಳೆ ಬರೋದು ಎಲ್ಲಾ ತೋರಿಸ್ತಾರೆ, ನೋಡೋಕೆ ಖುಷಿನೇ ಆಗತ್ತೆ. ಆದ್ರೆ ನಮ್ಮ ಉತ್ತರ ಕರ್ನಾಟಕದ ಅಡುಗೆಮನೆಗಳಲ್ಲಿ ರಂಜಕ ಅಂತ ಮಾಡೋದು ಇದೇ ಕೆಲಸ. ಹಣ್ಣು ಮೆಣಸಿನಕಾಯಿ, ಉಪ್ಪು, ಬೆಳ್ಳುಳ್ಳಿ, ಹುಳಿ, ಮತ್ತೆ ಕಾಯೋದು. ಕೆಲವರ ಮನೇಲಿ ಕೆಂಪ ಚಟ್ನಿ ಅಂತಾರೆ, ಕೆಲವರು ಕೆಂಪ ಖಾರ ಅಂತಾರೆ. ನಾನು ನೋಡಿದ ಹಾಗೆ ಬೆಂಗಳೂರಿಗೆ ಬಂದ ಮೇಲೆ ಎಷ್ಟೋ ಜನ ಒಣ ಮೆಣಸಿನಕಾಯಿ ನೀರಲ್ಲಿ ನೆನೆಸಿ, ವಿನೆಗರ್ ಹಾಕಿ ರುಬ್ಬಿ, ರಂಜಕ ಅಂತ ಡಬ್ಬಕ್ಕೆ ತುಂಬ್ತಾರೆ. ಅದು ಚಟ್ನಿಯಾಗಿ ಚೆನ್ನಾಗಿರಬಹುದು, ರಂಜಕ ಮಾತ್ರ ಅಲ್ಲ. ರಂಜಕದ ರುಚಿ ಹುಟ್ಟೋದು ಹಸಿ ಹಣ್ಣಿನ ರಸ ಉಪ್ಪಿನ ಜೊತೆ ಕೂತು ತಾನಾಗೇ ಹುಳಿ ಬಂದಾಗ. ಅಷ್ಟು ದಿನ ಅದನ್ನ ಬಿಡಬೇಕು, ಅದೊಂದೇ ಇಲ್ಲಿ ಮುಖ್ಯ, ಉಳಿದಿದ್ದೆಲ್ಲಾ ನಿಮ್ಮ ಮನೆ ಇಷ್ಟ.

ಕಾಯಿ ಆರಿಸೋದ್ರಲ್ಲೇ ಅರ್ಧ ಕೆಲಸ ಮುಗಿಯತ್ತೆ. ಅವ್ವ ಫೋನಲ್ಲಿ ಪ್ರತಿ ಸಲ ಹೇಳೋ ಮಾತು, "ಪೂರಾ ಕೆಂಪ ಆಗಿದ್ದನ್ನ ಆರಸ್ಕೊಂಡ ಬಾ, ಅರ್ಧ ಹಸರ ಇದ್ದದ್ದ ತರಬ್ಯಾಡ, ಮತ್ತ ಮೆತ್ತಗಾಗಿದ್ದೂ ಬ್ಯಾಡ." ಕೈಲಿ ಹಿಡಿದು ಮಡಚಿದ್ರೆ ಟಕ್ ಅಂತ ಮುರೀಬೇಕು, ತೊಟ್ಟು ಹಸಿರಾಗಿರಬೇಕು, ತುದೀಲಿ ಕಪ್ಪು ಚುಕ್ಕೆ ಇದ್ರೆ ಸೀಳಿ ನೋಡಿ, ಒಳಗೆ ಬೂಷ್ಟು ಕಟ್ಟಿರತ್ತೆ. ಪೂರ್ತಿ ಹಣ್ಣಾಗಿದ್ದೇ ಬೇಕು ಅನ್ನೋದು ಬರೀ ಬಣ್ಣಕ್ಕೆ ಅಲ್ಲ. ಹಣ್ಣಾದಾಗ ಕಾಯಲ್ಲಿ ಸಕ್ಕರೆ ಅಂಶ ಜಾಸ್ತಿ ಇರತ್ತೆ, ಹುಳಿ ಬರಿಸೋ ಬ್ಯಾಕ್ಟೀರಿಯಾಗೆ ಆ ಸಕ್ಕರೆನೇ ಊಟ.

ಬ್ಯಾಡಗಿ ತಳಿ ಹಣ್ಣು ಸಿಕ್ರೆ ನಿಮ್ಮ ಅದೃಷ್ಟ. ಹಾವೇರಿ ಜಿಲ್ಲೆಯ ಬ್ಯಾಡಗಿ ಹೆಸರಲ್ಲಿ ಬರೋ ಈ ಮೆಣಸಿನಕಾಯಿಗೆ 2011ರಲ್ಲಿ ಜಿಐ ಟ್ಯಾಗ್ (ಇದು ಆ ಸೀಮೆಯದೇ ಬೆಳೆ ಅನ್ನೋ ಸರ್ಕಾರಿ ಗುರುತು) ಸಿಕ್ಕಿದೆ, ಡಬ್ಬಿ, ಕಡ್ಡಿ ಅಂತ ಎರಡು ಬಗೆ, ಖಾರ ಕಮ್ಮಿ ಬಣ್ಣ ಜಾಸ್ತಿ, ಆ ಬಣ್ಣಕ್ಕೋಸ್ಕರನೇ ಅದರಿಂದ ಓಲಿಯೋರೆಸಿನ್ ಅನ್ನೋ ಎಣ್ಣೆಯಂಥ ಕೆಂಪು ಸಾರ ತೆಗೆದು ಲಿಪ್‌ಸ್ಟಿಕ್ ತನಕ ಬಳಸ್ತಾರೆ. ಆದ್ರೆ ಅದರಲ್ಲಿ ಬಹುಪಾಲು ಒಣಗಿಸಿನೇ ಮಾರೋದು, ಹಸಿ ಹಣ್ಣು ಬೇಕಂದ್ರೆ ಆ ಕಡೆ ಯಾರಾದ್ರೂ ನೆಂಟರು ಇರಬೇಕು. ಬೆಂಗಳೂರಲ್ಲಿ ಸಿಗೋದು ಸಾಮಾನ್ಯವಾಗಿ ಖಾರ ಜಾಸ್ತಿ ಇರೋ ಜಾತಿ. ಮನೇಲಿ ಮಕ್ಕಳಿದ್ರೆ ಕಾಲು ಭಾಗ ಕೆಂಪು ದೊಣ್ಣೆ ಮೆಣಸಿನಕಾಯಿ ಸೇರಿಸಿ, ಬಣ್ಣ ಕೆಡಲ್ಲ. ಇಲ್ಲಾ ಕಾಯಿ ಸೀಳಿ ಒಳಗಿನ ಬಿಳಿ ತಿರುಳು ತೆಗೀರಿ. ಎಲ್ಲರೂ ಬೀಜದಲ್ಲಿ ಖಾರ ಇದೆ ಅಂತ ಬೀಜ ಕೊಡವ್ತಾರೆ, ನಿಜವಾಗಿ ಖಾರ ಇರೋದು ಬೀಜ ಅಂಟಿಕೊಂಡಿರೋ ಆ ಬಿಳಿ ಭಾಗದಲ್ಲಿ, ಬೀಜಕ್ಕೆ ಅದು ತಾಗಿ ಖಾರ ಹತ್ತಿರತ್ತೆ ಅಷ್ಟೆ.

ತೊಳೆಯೋದು ತೊಟ್ಟು ಇರುವಾಗಲೇ. ಇದನ್ನ ಒತ್ತಿ ಹೇಳ್ತೀನಿ ಯಾಕಂದ್ರೆ ತೊಟ್ಟು ಕಿತ್ತ ಮೇಲೆ ನೀರಿಗೆ ಹಾಕಿದ್ರೆ ಆ ತೂತಿಂದ ನೀರು ಒಳಗೆ ಹೋಗಿ ಕೂತ್ಕೊಳ್ಳತ್ತೆ, ಎಷ್ಟು ಒರೆಸಿದ್ರೂ ಬರಲ್ಲ, ಆಮೇಲೆ ರಂಜಕ ನೀರಾಗಿ ಬೇಗ ಕೆಡತ್ತೆ. ತೊಳೆದು, ಹತ್ತಿ ಬಟ್ಟೆ ಮೇಲೆ ಹರವಿ, ಫ್ಯಾನ್ ಕೆಳಗೆ ರಾತ್ರಿಯಿಡೀ ಬಿಡಿ, ಬೆಳಿಗ್ಗೆ ಒಂದೊಂದೇ ಒರೆಸಿ ತೊಟ್ಟು ಮುರೀರಿ. ಬಿಸಿಲಿಗೆ ಬೇಡ, ನೆರಳು ಸಾಕು, ನಮಗೆ ಬೇಕಾಗಿರೋದು ಮೇಲಿನ ನೀರು ಆರೋದು, ಒಳಗಿನ ರಸ ಅಲ್ಲ.

ಅಳತೆ ಹೇಳ್ತೀನಿ. 1 ಕೆಜಿ ಕಾಯಿಗೆ ಅವ್ವ ಹಾಕೋದು ಹೆಚ್ಚುಕಮ್ಮಿ 150 ಗ್ರಾಂ ಕಲ್ಲುಪ್ಪು, ಅದು ವರ್ಷಗಟ್ಟಲೆ ಹೊರಗೇ ಇಡೋ ಲೆಕ್ಕ, ಆ ಉಪ್ಪಿಗೆ ಹುಳಿ ನಿಧಾನಕ್ಕೆ ಬರತ್ತೆ, ಕಮ್ಮಿನೂ ಬರತ್ತೆ, ಅದಕ್ಕೇ ಆಕೆ ನಿಂಬೆ ಧಾರಾಳವಾಗಿ ಹಿಂಡ್ತಾಳೆ. ನಾನು ಹಾಕೋದು 50 ಗ್ರಾಂ, ಅಂದ್ರೆ ಶೇಕಡಾ 5, ಹುಳಿ ಚೆನ್ನಾಗಿ ಬಂದ ಮೇಲೆ ಫ್ರಿಜ್‌ಗೆ ಇಡ್ತೀನಿ. ಶೇಕಡಾ 2ಕ್ಕಿಂತ ಕೆಳಗೆ ಇಳೀಬೇಡಿ, ಅಲ್ಲಿ ಕೆಟ್ಟ ಬ್ಯಾಕ್ಟೀರಿಯಾನೂ ಆರಾಮಾಗಿ ಬೆಳೀತಾವೆ. ದಯವಿಟ್ಟು ಕಣ್ಣಂದಾಜಲ್ಲಿ ಹಾಕಬೇಡಿ, ಅವ್ವನ ಕೈಗೆ ಆ ಅಂದಾಜು ಇದೆ, ನಮಗೆ ತೂಕದ ಸ್ಕೇಲೇ ಗತಿ.

ಕಾಯಿ, ಉಪ್ಪು ಎರಡೂ ಸೇರಿಸಿ ಮಿಕ್ಸಿಯಲ್ಲಿ ತರಿತರಿಯಾಗಿ ತಿರುವಿ, ನುಣ್ಣಗೆ ಬೇಡ, ನೀರು ಒಂದು ಹನಿನೂ ಬೇಡ. ಬೆರಳಲ್ಲಿ ಮುಟ್ಟಿದ್ರೆ ಸಿಪ್ಪೆ ಚೂರು ಸಿಗಬೇಕು, ಬೀಜ ಇಡಿಯಾಗಿ ಕಾಣಬೇಕು. ಮುಚ್ಚಳ ತೆಗೆಯುವಾಗ ಮುಖ ಆ ಕಡೆ ತಿರುಗಿಸಿ, ಆ ಘಾಟು ಗಂಟಲಿಗೆ ಹೋದ್ರೆ ಮನೆಮಂದಿಯೆಲ್ಲಾ ಕೆಮ್ಮಬೇಕಾಗತ್ತೆ, ಕಿಟಕಿ ತೆಗೆದಿಟ್ಟೇ ಶುರು ಮಾಡಿ. ಕೈಗೆ ಗ್ಲೌಸ್ ಹಾಕಿ. ಹಾಕದೇ ಕೈ ಉರಿ ಹತ್ತಿದ್ರೆ ನೀರಲ್ಲಿ ಎಷ್ಟು ತೊಳೆದ್ರೂ ಹೋಗಲ್ಲ, ಖಾರ ಕೊಡೋ ಕ್ಯಾಪ್ಸೈಸಿನ್ ಅನ್ನೋ ಅಂಶ ನೀರಲ್ಲಿ ಕರಗಲ್ಲ, ಕೊಬ್ಬರಿ ಎಣ್ಣೆನೋ ಶೇಂಗಾ ಎಣ್ಣೆನೋ ಚೆನ್ನಾಗಿ ತಿಕ್ಕಿ ಆಮೇಲೆ ಸೋಪು ಹಾಕಿ ತೊಳೀರಿ.

ಈಗ ಭರಣಿ. ಪಿಂಗಾಣಿ ಭರಣಿ ಇದ್ರೆ ಅದು, ಇಲ್ಲಾಂದ್ರೆ ಗಾಜಿನ ಜಾರು. ಸ್ಟೀಲ್ ಡಬ್ಬಿನೂ ಬೇಡ, ಅಲ್ಯೂಮಿನಿಯಂದೂ ಬೇಡ. ಮುಕ್ಕಾಲು ಭಾಗ ಮಾತ್ರ ತುಂಬಿ, ಮೇಲೆ ಸ್ವಲ್ಪ ಉಪ್ಪು ತೆಳ್ಳಗೆ ಹರಡಿ (ಇದನ್ನ ತೂಕ ಮಾಡಿಟ್ಟ ಉಪ್ಪಲ್ಲೇ ಉಳಿಸ್ಕೊಳ್ಳಿ), ಮುಚ್ಚಳ ಬಿಗಿ ಮಾಡದೇ ಮೇಲೆ ಬಟ್ಟೆ ಕಟ್ಟಿ. ಮಾರನೇ ದಿನದಿಂದ ದಿನಕ್ಕೊಂದು ಸಲ ಒಣಗಿದ ಮರದ ಚಮಚದಲ್ಲಿ ತಳದಿಂದ ತಿರುವಿ. ಬೆಂಗಳೂರಿನ ಜನವರಿ ಚಳೀಲಿ ಮೊದಲ ಎರಡು ದಿನ ಏನೂ ಆಗ್ತಿಲ್ಲ ಅನ್ಸತ್ತೆ. ಮೂರನೇ ನಾಲ್ಕನೇ ದಿನಕ್ಕೆ ನೋಡಿ, ಮಸಾಲೆ ಮೇಲಕ್ಕೆ ಉಬ್ಬಿರತ್ತೆ, ಜಾರಿನ ಗೋಡೆ ಪಕ್ಕ ಸಣ್ಣ ಸಣ್ಣ ಗುಳ್ಳೆ ಓಡಾಡ್ತಿರತ್ತೆ, ತಳದಲ್ಲಿ ಕೆಂಪು ನೀರು ಬೇರೆಯಾಗಿರತ್ತೆ, ಚಮಚ ಇಳಿಸಿದ ತಕ್ಷಣ ಬುಸ್ ಅಂತ ಗಾಳಿ ಬಿಡತ್ತೆ. ವಾಸನೆಯೂ ಬದಲಾಗಿರತ್ತೆ, ಹಸಿ ಮೆಣಸಿನಕಾಯಿಯ ಆ ಎಲೆ ವಾಸನೆ ಹೋಗಿ ಹಣ್ಣಿನ ಥರ ಒಂದು ಸಿಹಿಹುಳಿ ಪರಿಮಳ. ನನಗೆ ಈ ಇಡೀ ಕೆಲಸದಲ್ಲಿ ಅತೀ ಇಷ್ಟದ ಘಳಿಗೆ ಅದು, ದಿನಾ ಬೆಳಿಗ್ಗೆ ಕಾಫಿಗೂ ಮುಂಚೆ ಹೋಗಿ ಮುಚ್ಚಿದ ಬಟ್ಟೆ ಬಿಚ್ಚಿ ಮೂಸಿ ನೋಡ್ತೀನಿ.

ಒಳಗೆ ನಡೀತಿರೋದು ದೋಸೆ ಹಿಟ್ಟಲ್ಲಿ ನಡೆಯೋ ಕೆಲಸಾನೇ. ಕಾಯಿ ಸಿಪ್ಪೆ ಮೇಲೆ ಮೊದಲಿಂದಲೂ ಇರೋ ಲ್ಯಾಕ್ಟಿಕ್ ಆಸಿಡ್ ಬ್ಯಾಕ್ಟೀರಿಯಾ ಉಪ್ಪು ತಡ್ಕೊಳ್ತಾವೆ, ಬೇರೆ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ತಡ್ಕೊಳ್ಳಲ್ಲ. ಸಕ್ಕರೆ ತಿಂದು ಹುಳಿ ಬಿಡ್ತಾವೆ, ಜೊತೆಗೆ ಗಾಳಿ. ಹುಳಿ ಏರಿದಷ್ಟೂ ಕೆಟ್ಟವಕ್ಕೆ ಜಾಗ ಇಲ್ಲ. ಮೇಲೆ ತೆಳ್ಳಗೆ ಬಿಳಿ ಪದರ ಕಟ್ಟಿದ್ರೆ ಹೆದರಬೇಡಿ, ಅದು ಸಾಮಾನ್ಯವಾಗಿ ಒಂದು ಥರ ಯೀಸ್ಟ್, ಚಮಚದಲ್ಲಿ ತೆಗೆದು ಹಾಕಿದ್ರೆ ಆಯ್ತು. ಹತ್ತಿ ಥರ ಕೂದಲು ಬಂದ ಹಸಿರು, ಕಪ್ಪು ಬೂಷ್ಟು ಬಂದ್ರೆ ಅಥವಾ ಕೊಳೆತ ವಾಸನೆ ಬಂದ್ರೆ ಪೂರ್ತಿ ಚೆಲ್ಲಿ, ಮೇಲಿಂದ ತೆಗೆದು ಉಳಿದಿದ್ದು ತಿನ್ನೋ ಯೋಚನೆ ಬೇಡ.

ಅಮೆರಿಕಾದ ಟಬಾಸ್ಕೋ ಸಾಸ್ ಬಗ್ಗೆ ಓದಿದಾಗ ನನಗೆ ಭಾಳ ಖುಷಿ ಆಗಿತ್ತು, ಯಾಕಂದ್ರೆ ಅಲ್ಲಿಯೂ ಇದೇ ಕತೆ. ಲೂಸಿಯಾನಾದ ಏವರಿ ಐಲ್ಯಾಂಡ್ ಅನ್ನೋ ಜಾಗದಲ್ಲಿ ಮ್ಯಾಕಿಲ್ಹೆನಿ ಕುಟುಂಬ 1868ರಿಂದ ಮಾಡ್ತಾ ಬಂದಿದೆ, ಆ ಜಾಗದ ನೆಲದಡಿಯಲ್ಲೇ ಉಪ್ಪಿನ ದೊಡ್ಡ ನಿಕ್ಷೇಪ ಇದೆ. ಕಾಯಿ ಕೀಳೋರ ಕೈಗೆ ಕೆಂಪು ಬಣ್ಣ ಬಳಿದ ಒಂದು ಸಣ್ಣ ಕೋಲು ಕೊಡೋ ಪದ್ಧತಿ ಇದೆಯಂತೆ, ಕಾಯಿ ಆ ಕೋಲಿನಷ್ಟು ಕೆಂಪಾಗಿದ್ರೆ ಮಾತ್ರ ಕೀಳ್ಬೇಕು. ಅವ್ವ ಫೋನಲ್ಲಿ ಹೇಳೋ ಮಾತನ್ನ ಅಲ್ಲಿ ಕೋಲಿಗೆ ಬಳಿದಿದ್ದಾರೆ. ಆಮೇಲೆ ಉಪ್ಪು ಹಾಕಿ ಅರೆದು ಓಕ್ ಮರದ ಪೀಪಾಯಿಗೆ ತುಂಬಿ, ಮೇಲೆ ದಪ್ಪಗೆ ಉಪ್ಪು ಹಾಕಿ, ಮೂರು ವರ್ಷದವರೆಗೂ ಬಿಡ್ತಾರೆ, ಕೊನೆಗೆ ವಿನೆಗರ್ ಬೆರೆಸಿ ಸೋಸೋದು. ನೋಡಿ, ವಿನೆಗರ್ ಅಲ್ಲಿ ಕೊನೇಲಿ ಬರೋದು, ಕಾಯೋದನ್ನ ತಪ್ಪಿಸೋಕೆ ಅಲ್ಲ.

ನಮಗೆ ಮೂರು ವರ್ಷ ಬೇಡ. ಏಳೆಂಟು ದಿನ ಸಾಕು, ಹದಿನೈದು ದಿನ ಬಿಟ್ರೆ ಇನ್ನೂ ರುಚಿ. ಗುಳ್ಳೆ ಕಮ್ಮಿಯಾಗಿ ನಾಲಿಗೆಗೆ ಹುಳಿ ಸ್ಪಷ್ಟವಾಗಿ ಹತ್ತಿದ್ರೆ ಎರಡನೇ ಸಲ ರುಬ್ಬೋ ಹೊತ್ತು. 1 ಕೆಜಿಗೆ 100 ಗ್ರಾಂ ಬೆಳ್ಳುಳ್ಳಿ, ಎರಡು ಚಮಚ ಜೀರಿಗೆ, ಒಂದು ಚಮಚ ಮೆಂತ್ಯ ಎಣ್ಣೇಲಿ ಕೆಂಪಗೆ ಹುರಿದು ಪುಡಿ ಮಾಡಿದ್ದು, ಅರ್ಧ ಚಮಚ ಅರಿಶಿನ, ನಿಂಬೆಗಾತ್ರದ ಬೆಲ್ಲ, ಎಂಟು ಹತ್ತು ನಿಂಬೆಹಣ್ಣಿನ ರಸ. ಕೆಲವರು ನಿಂಬೆ ಬದಲು ಹುಣಸೆಹಣ್ಣು ಹಾಕ್ತಾರೆ, ಬಣ್ಣ ಸ್ವಲ್ಪ ಕಪ್ಪಾಗತ್ತೆ, ರುಚಿಗೆ ಒಂದು ಗಟ್ಟಿತನ ಬರತ್ತೆ, ನಾನು ನಿಂಬೆ ಕಡೆಯವಳು. ಮೆಂತ್ಯ ಮಾತ್ರ ಸೀಯಿಸಬೇಡಿ, ಒಂದು ಚಮಚ ಸೀದ ಮೆಂತ್ಯಕ್ಕೆ ಇಡೀ ಭರಣಿ ಕಹಿ ಮಾಡೋ ಶಕ್ತಿ ಇದೆ.

ಬೆಳ್ಳುಳ್ಳಿ ವಿಷ್ಯದಲ್ಲಿ ಒಂದು ಎಚ್ಚರಿಕೆ, ಇದು ನಿಜಕ್ಕೂ ಗಂಭೀರ. ಹಸಿ ಬೆಳ್ಳುಳ್ಳಿ ಎಣ್ಣೇಲಿ ಮುಳುಗಿಸಿ ಹೊರಗೆ ಇಟ್ರೆ ಗಾಳಿ ಇಲ್ಲದ ಜಾಗದಲ್ಲಿ ಬೊಟುಲಿಸಮ್ ಅನ್ನೋ ಪ್ರಾಣಕ್ಕೇ ಕುತ್ತಾಗೋ ಕಾಯಿಲೆ ತರೋ ಬ್ಯಾಕ್ಟೀರಿಯಾ ಬೆಳೆಯೋ ಅಪಾಯ ಇದೆ, ಅದಕ್ಕೆ ವಾಸನೆನೂ ಬರದೇ ಇರಬಹುದು. ಅದನ್ನ ತಡೆಯೋದು ಹುಳಿ. ಹುಳಿ ಅಳೆಯೋ ಅಂಕಿಗೆ ಪಿಎಚ್ ಅಂತಾರೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ, ಅದು 4.6ಕ್ಕಿಂತ ಕೆಳಗಿದ್ರೆ ಆ ಬ್ಯಾಕ್ಟೀರಿಯಾ ಬೆಳೆಯಲ್ಲ. ಪಿಎಚ್ ನೋಡೋ ಕಾಗದದ ಪಟ್ಟಿ ಆನ್‌ಲೈನ್‌ನಲ್ಲಿ ಸಿಗತ್ತೆ, ನಾನು 4ಕ್ಕಿಂತ ಕೆಳಗೆ ಬರೋ ತನಕ ನಿಂಬೆ ಹಿಂಡ್ತೀನಿ. ಉಪ್ಪು ಕಮ್ಮಿ ಮಾಡಿ, ನಿಂಬೆನೂ ಕಮ್ಮಿ ಮಾಡಿ, ಮೇಲೆ ಎಣ್ಣೆ ತುಂಬಿ ಶೆಲ್ಫ್ ಮೇಲೆ ಇಡೋದು ಮಾತ್ರ ಯಾವತ್ತೂ ಬೇಡ.

ತಿನ್ನೋದು ಹೇಗೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಬೇರೆಯವರಿಗೆ ಹೇಳ್ತೀನಿ. ಬಿಸಿ ಜ್ವಾಳದ ರೊಟ್ಟಿ, ತಾಟಿನ ಅಂಚಿಗೆ ಒಂದು ಚಮಚ ರಂಜಕ, ನಡುವೆ ಬೆರಳಲ್ಲಿ ಗುಳಿ ಮಾಡಿ ಅದಕ್ಕೆ ಶೇಂಗಾ ಎಣ್ಣೆ ಅಥವಾ ಬೆಣ್ಣೆ, ಪಕ್ಕದಲ್ಲಿ ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ, ಎಳೇ ಮೆಂತ್ಯ ಸೊಪ್ಪು. ಬೆಣ್ಣೆ ಮೊಸರು ಬರೀ ರುಚಿಗಲ್ಲ, ಖಾರ ಕೊಬ್ಬಿನಲ್ಲಿ ಕರಗತ್ತೆ, ಹಾಲಿನ ಪ್ರೋಟೀನು ಅದನ್ನ ನಾಲಿಗೆಯಿಂದ ಎಳ್ಕೊಳ್ಳತ್ತೆ. ಖಾರ ಅನ್ನೋದು ರುಚಿ ಅಲ್ಲ, ನೋವು. 43 ಡಿಗ್ರಿ ಮೇಲಿನ ಬಿಸಿ ತಾಗಿದಾಗ ಸುಡ್ತಿದೆ ಅಂತ ಹೇಳೋ ನರದ ಬಾಗಿಲನ್ನೇ ಕ್ಯಾಪ್ಸೈಸಿನ್ ತೆಗೆಯತ್ತೆ, ಅದನ್ನ ಮೆಣಸಿನಕಾಯಿ ಹಿಡ್ಕೊಂಡೇ ಹುಡುಕಿದ ವಿಜ್ಞಾನಿ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಬಂತು. ಅದಕ್ಕೇ ರೊಟ್ಟಿ ಬಿಸಿ ಇದ್ದಷ್ಟೂ ಅದೇ ರಂಜಕ ಇನ್ನೂ ಖಾರ ಅನ್ಸೋದು.

ಬಾಟಲಿಯಿಂದ ಸುರ್ಕೊಳ್ಳೋ ಥರ ತೆಳ್ಳಗೆ ಸಾಸೇ ಬೇಕು ಅನ್ನೋರು ಎರಡನೇ ಸಲ ರುಬ್ಬೋಕೆ ಮುಂಚೆ, ಮೆಂತ್ಯ ಬೆಲ್ಲ ಸೇರಿಸೋಕೆ ಮುಂಚೆ, ಹುಳಿ ಬಂದ ಮಸಾಲೆಯಲ್ಲಿ ಎರಡು ಕಪ್ ತೆಗೆದಿಡಿ. ಅದಕ್ಕೆ ನಾಲ್ಕೈದು ಎಸಳು ಬೆಳ್ಳುಳ್ಳಿ, ಅರ್ಧ ಕಪ್ ವಿನೆಗರ್ ಹಾಕಿ ಈ ಸಲ ನುಣ್ಣಗೆ ರುಬ್ಬಿ, ಜರಡಿಯಲ್ಲಿ ಚಮಚದಿಂದ ಒತ್ತಿ ಒತ್ತಿ ಸೋಸಿ ಬಾಟಲಿಗೆ ಹಾಕಿ ಫ್ರಿಜ್‌ನಲ್ಲಿಡಿ. ಕುದಿಸೋದು ಬೇಡ, ಕುದಿಸಿದ್ರೆ ಆ ಹಣ್ಣಿನ ಪರಿಮಳನೇ ಹೋಗತ್ತೆ. ನಿಂತ್ರೆ ನೀರು ಬೇರೆಯಾಗತ್ತೆ, ಅಲ್ಲಾಡಿಸಿ ಹಾಕ್ಕೊಳ್ಳಿ. ಆಮ್ಲೆಟ್‌ಗೆ, ಬೆಣ್ಣೆ ದೋಸೆಗೆ, ಪಿಜ್ಜಾಗೆ ಸಖತ್ ಆಗಿರತ್ತೆ. ಜರಡೀಲಿ ಉಳಿದ ಸಿಪ್ಪೆ ಬೀಜ ಚೆಲ್ಲಬೇಡಿ, ಒಣಗಿಸಿ ಪುಡಿ ಮಾಡಿದ್ರೆ ಮಂಡಕ್ಕಿ ಒಗ್ಗರಣೆಗೆ ಅಷ್ಟು ಚೆನ್ನಾಗಿರತ್ತೆ.

ಶಿವರಾತ್ರಿ ಹೊತ್ತಿಗೆ ಒಳ್ಳೇ ಹಣ್ಣು ಕಮ್ಮಿಯಾಗ್ತಾ ಹೋಗತ್ತೆ, ಮಾಡೋರು ಈ ವಾರಾನೇ 1 ಕೆಜಿ ತಂದ್ಬಿಡಿ. ಹುಣಸೆಹಣ್ಣು ಹಾಕೋ ಮನೆಯವರು ಇದ್ರೆ ಎಷ್ಟು ಹಾಕ್ತೀರಿ, ಮೊದಲ ಸಲ ರುಬ್ಬುವಾಗಲೋ ಎರಡನೇ ಸಲಕ್ಕೋ ಅಂತ ಕೆಳಗೆ ಬರೀರಿ, ಮುಂದಿನ ಭರಣಿ ಹಾಗೇ ಮಾಡಿ ನೋಡ್ಬೇಕು ಅಂತಿದೀನಿ.