ಲಾಸಿಕ್ಸ್ ಒಂದೇ ಸಾಲದು, ಊಟದ ಡಬ್ಬಿಯನ್ನೂ ನೋಡಬೇಕು

ನಾನು ದಾವಣಗೆರೆಯ ಒಂದು ಆಸ್ಪತ್ರೆಯ ಹೃದಯದ ವಾರ್ಡಿನಲ್ಲಿ ಸ್ಟಾಫ್ ನರ್ಸ್. ಹಾರ್ಟ್ ಫೇಲ್ಯೂರ್, ಅಂದರೆ ಹೃದಯದ ಬಲ ಕುಗ್ಗಿ ಮೈಯಲ್ಲಿ ನೀರು ತುಂಬುವ ಕಾಯಿಲೆ, ಜೋರಾಗಿ ದಮ್ಮು ಕಟ್ಟಿ ಬಂದವರಿಗೆ ಸಾಮಾನ್ಯವಾಗಿ ಮೂತ್ರ ಹೆಚ್ಚಿಸುವ ಲಾಸಿಕ್ಸ್ ಇಂಜೆಕ್ಷನ್ ಕೊಡುತ್ತೇವೆ. ಆಗ ಕರುಳಿಗೂ ಬಾವು ಬಂದಿರುತ್ತದೆ, ಮಾತ್ರೆ ಬೇಗ ಹತ್ತುವುದಿಲ್ಲ.

ಈ ಔಷಧಿ ಕಿಡ್ನಿಯಿಂದ ಉಪ್ಪನ್ನು ಹೊರಗೆ ಕಳಿಸುತ್ತದೆ, ಅದರ ಹಿಂದೆಯೇ ನೀರು ಹೋಗುತ್ತದೆ. ಕೆಲವು ಗಂಟೆಗಳಲ್ಲಿ ಇದರ ಪ್ರಭಾವ ಇಳಿದ ಕೂಡಲೇ ಕಿಡ್ನಿ ಸಿಕ್ಕ ಉಪ್ಪನ್ನೆಲ್ಲ ಹಿಡಿದಿಟ್ಟುಕೊಳ್ಳಲು ಶುರು ಮಾಡುತ್ತದೆ. ಆ ಹೊತ್ತಿನಲ್ಲಿ ಏನು ತಿಂದರು ಅನ್ನುವುದು ಬಹಳ ಮುಖ್ಯ.

ಜಗಳೂರು ಕಡೆಯ ಅಜ್ಜ ಒಬ್ಬರಿದ್ದರು. ಇಂಜೆಕ್ಷನ್ ಕೊಟ್ಟ ಮೊದಲ ಆರು ಗಂಟೆ ಮೂತ್ರ ಗಂಟೆಗೆ 100ರಿಂದ 150 ಎಂಎಲ್‌ಗಿಂತ ಕಡಿಮೆ ಬಂದರೆ ಡಾಕ್ಟರ್ ಡೋಸ್ ಏರಿಸುತ್ತಾರೆ. ಅಜ್ಜನಿಗೆ ಅದು ಚೆನ್ನಾಗಿಯೇ ಬರುತ್ತಿತ್ತು, ತೂಕ ಮಾತ್ರ ಇಳಿಯಲಿಲ್ಲ, ಅಂದರೆ ಮೈಯಲ್ಲಿನ ನೀರು ಕಡಿಮೆಯಾಗುತ್ತಿರಲಿಲ್ಲ. "ಉಪ್ಪು ಜಾಸ್ತಿ ತಿಂತೀರಾ ಅಜ್ಜಾ?" ಅಂದೆ. "ಇಲ್ಲವ್ವ, ಸಪ್ಪಗೇ ಉಣ್ತೀನಿ." ಸೊಸೆ ತಂದ ಡಬ್ಬಿ ತೆಗೆಸಿದರೆ ಗಂಜಿ ಸಪ್ಪಗೇ ಇತ್ತು, ಪಕ್ಕದಲ್ಲಿ ಮಾವಿನ ಉಪ್ಪಿನಕಾಯಿ, ಎರಡು ಹಪ್ಪಳ. "ಬಾಯಿ ಕೆಟ್ಟಿದೆ ಅಂತಾರೆ ಸಿಸ್ಟರ್, ಸಂಜೆ ಒಂಚೂರು ಮಂಡಕ್ಕಿ ಮಿರ್ಚಿನೂ ತಂದುಕೊಟ್ಟೆ," ಅಂದಳು. ಹಪ್ಪಳ, ಮಿರ್ಚಿಗೆ ಹಾಕುವ ಸೋಡಾದಲ್ಲೂ ಉಪ್ಪಿನಲ್ಲಿರುವ ಸೋಡಿಯಂ ಇರುತ್ತದೆ. ಅದರ ಮೇಲೆ ಬಾಯಾರಿಕೆ, ನೀರು. ಉಪ್ಪಿನ ಬಗ್ಗೆ ಕೇಳುವುದಕ್ಕಿಂತ "ನಿನ್ನೆ ಬೆಳಿಗ್ಗೆಯಿಂದ ಏನೇನು ತಿಂದ್ರಿ?" ಅಂತ ಕೇಳಿದರೆ ನಿಜ ಸಿಗುತ್ತದೆ.

ಹಾಗಂತ ಪೂರ್ತಿ ಉಪ್ಪು ಬಿಡಿಸುವುದು ನನಗೆ ಸರಿ ಕಾಣುವುದಿಲ್ಲ. 2013ರಲ್ಲಿ ಬ್ರೆಜಿಲ್‌ನಲ್ಲಿ ಆಸ್ಪತ್ರೆಯಲ್ಲಿದ್ದ 75 ರೋಗಿಗಳ ಮೇಲೆ ಒಂದು ಅಧ್ಯಯನ ನಡೆಯಿತು. ಉಪ್ಪು, ನೀರು ತೀರಾ ಕಡಿಮೆ ಮಾಡಿದವರ ತೂಕವೇನೂ ಹೆಚ್ಚು ಇಳಿಯಲಿಲ್ಲ, ಬಾಯಾರಿಕೆ ಹೆಚ್ಚಿತು. 2022ರ ಸೋಡಿಯಂ-ಎಚ್ಎಫ್ ಅಧ್ಯಯನದಲ್ಲಿ, ಅಂದರೆ ಮನೆಯಲ್ಲೇ ಇದ್ದ 806 ರೋಗಿಗಳಲ್ಲಿ, ದಿನಕ್ಕೆ 1500 ಮಿಲಿಗ್ರಾಂ ಸೋಡಿಯಂ ಒಳಗೆ ಇಟ್ಟರೂ ಸಾವು, ಆಸ್ಪತ್ರೆ ಸೇರುವುದು ಸ್ಪಷ್ಟವಾಗಿ ಕಡಿಮೆಯಾಗಲಿಲ್ಲ. ಸಪ್ಪೆ ಗಂಜಿ ಸೇರದೆ ತಟ್ಟೆ ದೂಡಿ ಸೊರಗುವವರನ್ನು ನೋಡಿದರೆ ಸಂಕಟವಾಗುತ್ತದೆ. ಮುದ್ದೆ, ರೊಟ್ಟಿ ಇರಲಿ, ಸಾರಿಗೆ ಹದವಾಗಿ ಉಪ್ಪು ಬೀಳಲಿ. ಉಪ್ಪಿನಕಾಯಿ, ಹಪ್ಪಳ, ಮಿರ್ಚಿ ಬೇಡ.

ಅಂಗಡಿಯ 'ಕಡಿಮೆ ಸೋಡಿಯಂ' ಉಪ್ಪನ್ನು ಡಾಕ್ಟರನ್ನು ಕೇಳದೆ ತರಬೇಡಿ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಪೊಟ್ಯಾಸಿಯಂ ಅನ್ನು ಮೈಯಲ್ಲೇ ಉಳಿಸುವ ಆಲ್ಡಾಕ್ಟೋನ್ ಮಾತ್ರೆ ನುಂಗುವವರಿಗೆ ಅಪಾಯ.

ಡಿಸ್ಚಾರ್ಜ್ ದಿನ ಇಷ್ಟು ಹೇಳಿ ಕಳಿಸುತ್ತೇನೆ: ಬೆಳಿಗ್ಗೆ ಎದ್ದು ಮೂತ್ರ ಮಾಡಿ, ತಿಂಡಿಗೆ ಮುಂಚೆ ತೂಕ ನೋಡಿ ಬರೆದಿಡಿ. ಮೂರು ದಿನದಲ್ಲಿ 2 ಕೆಜಿ ಏರಿದರೆ ದಮ್ಮು ಬರುವವರೆಗೆ ಕಾಯಬೇಡಿ, ಬಂದುಬಿಡಿ.